ಪುಣೆಗೆ ಬರುವ ಮುನ್ನ: ಧಾರವಾಡದ ಮಿತ್ರರಿಗೊಂದು ಉತ್ತರ

ಉಪಗ್ರಹಗಳ ಮತ್ತು ಬಾಹ್ಯಾಕಾಶ ಕಸದ ಜಾಡು ಹಿಡಿಯುವ ರಕ್ಷಣಾ ತಂತ್ರಜ್ಞಾನ ಕಂಪನಿಯೊಂದು ನಿಮ್ಮನ್ನು ಪುಣೆಗೆ ಕರೆದಿದೆ, ಒಪ್ಪಿಕೊಳ್ಳಬಹುದೇ, ಊರು ಬಿಟ್ಟು ಅಲ್ಲಿ ಬಾಳುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಕ್ಷೇತ್ರದಲ್ಲಿ ದುಡಿಯುತ್ತ, ಇಲ್ಲೇ ಮನೆ ಮಾಡಿ, ಮಕ್ಕಳನ್ನೂ ಇಲ್ಲೇ ಬೆಳೆಸಿದವನಾಗಿ ಹೇಳುತ್ತೇನೆ: ಬನ್ನಿ. ಆದರೆ ಸಂಬಳಕ್ಕಿಂತ ಮೊದಲು, ಬಿಡುವಿನ ಹೊತ್ತನ್ನು ಯಾರ ಜೊತೆ ಕಳೆಯುತ್ತೀರಿ ಎಂದು ಯೋಚಿಸಿ. ಈ ಕೆಲಸದಲ್ಲಿ ಅದು ಚಿಕ್ಕ ವಿಷಯವಲ್ಲ.

ರಕ್ಷಣೆ ಎಂದ ಕೂಡಲೇ ಕ್ಷಿಪಣಿ, ಗಡಿ ಎಂದು ನಿಮ್ಮ ತಂದೆಯವರು ಗಾಬರಿಯಾಗಿದ್ದಾರಂತೆ. ದಿನನಿತ್ಯದ ಕೆಲಸ ಬಹುಪಾಲು ಗಣಿತ ಎಂದು ಅವರಿಗೆ ತಿಳಿಸಿ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ವಸ್ತುಗಳು ಸೆಕೆಂಡಿಗೆ 7 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತವೆ. ಸುಮಾರು 10 ಸೆಂಟಿಮೀಟರಿಗಿಂತ ದೊಡ್ಡವನ್ನು ನೆಲದ ರಾಡಾರ್‌ಗಳು ಹಿಂಬಾಲಿಸಬಲ್ಲವು; ಅದಕ್ಕಿಂತ ಚಿಕ್ಕ ಚೂರುಗಳಲ್ಲಿ ಹೆಚ್ಚಿನವು ಹಿಂಬಾಲಿಸುವ ವಸ್ತುಗಳ ಪಟ್ಟಿಗೇ ಸಿಗುವುದಿಲ್ಲ. 2007ರಲ್ಲಿ ಚೀನಾ ತನ್ನದೇ ಫೆಂಗ್ಯುನ್–1ಸಿ ಉಪಗ್ರಹವನ್ನು ಒಡೆದಾಗ, ಹಿಂಬಾಲಿಸಬಹುದಾದ ಚೂರುಗಳೇ 3,000ಕ್ಕೂ ಹೆಚ್ಚು ಹುಟ್ಟಿದವು. 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ, ಕೆಲಸದಲ್ಲಿದ್ದ ಇರಿಡಿಯಂ–33 ಮತ್ತು ಎಂದೋ ಸತ್ತಿದ್ದ ರಷ್ಯಾದ ಕಾಸ್ಮೋಸ್–2251 ಎಂಬ ಉಪಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ನಮ್ಮ ದೇಶವೂ 2019ರ ಮಾರ್ಚ್ 27ರಂದು ಉಪಗ್ರಹವೊಂದನ್ನು ಹೊಡೆದುರುಳಿಸಿತು. 300 ಕಿಲೋಮೀಟರಿಗಿಂತ ಕೆಳಗಿದ್ದುದರಿಂದ ಬಹುತೇಕ ಚೂರುಗಳು ಬೇಗ ಬಿದ್ದುಹೋದವು. ಎತ್ತರದಲ್ಲಿ ಹುಟ್ಟಿದ ಕಸಕ್ಕೆ ಆ ಭಾಗ್ಯವಿಲ್ಲ, ದಶಕಗಳ ಕಾಲ ಸುತ್ತುತ್ತಲೇ ಇರುತ್ತದೆ.

ಇನ್ನು ರಾತ್ರಿ ಪಾಳಿ. ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ: ಇಂಥ ಉಪಗ್ರಹ, ಇಂಥ ಚೂರು, ಮೂರು ದಿನದ ನಂತರ ಇಷ್ಟು ಹೊತ್ತಿಗೆ ಕೆಲವು ನೂರು ಮೀಟರ್ ಅಂತರದಲ್ಲಿ ಹಾಯುತ್ತವೆ. ಆ ಅಂತರವೊಂದನ್ನೇ ಯಾರೂ ನಂಬಿ ಕೂರುವುದಿಲ್ಲ. ಚೂರು ಇರಬಹುದಾದ ಜಾಗದ ಸುತ್ತ ಅನಿಶ್ಚಿತತೆಯ ವಲಯವೊಂದಿದೆ; ಓಟದ ದಿಕ್ಕಿನಲ್ಲಿ ಅದು ಸೌತೆಕಾಯಿಯ ಹಾಗೆ ಉದ್ದವಾಗಿರುತ್ತದೆ. ಅಷ್ಟು ಎತ್ತರದ ತೆಳು ಗಾಳಿ ಎಷ್ಟು ತಡೆಯೊಡ್ಡುತ್ತದೆ ಎಂಬುದು ಸೂರ್ಯನ ಚಟುವಟಿಕೆಯನ್ನು ಅವಲಂಬಿಸಿದೆ. 2022ರ ಫೆಬ್ರುವರಿಯಲ್ಲಿ ಆಗಷ್ಟೇ ಹಾರಿದ್ದ ಸುಮಾರು 40 ಸ್ಟಾರ್‌ಲಿಂಕ್ ಉಪಗ್ರಹಗಳು ಸೌರ ಚಟುವಟಿಕೆ ಎಬ್ಬಿಸಿದ ಕಾಂತಬಿರುಗಾಳಿಯಲ್ಲಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಕಲಕಾಟದಲ್ಲಿ, ಮೇಲಿನ ಗಾಳಿ ದಟ್ಟವಾಗಿ ಬಿದ್ದು ಸುಟ್ಟುಹೋದದ್ದು ಇದರಿಂದಲೇ. ಹೊಸ ಅಳತೆಗಳು ಬಂದಂತೆ ವಲಯ ಕಿರಿದಾಗುತ್ತದೆ. ಹೊಸಬರ ಎದೆ ಬಡಿದುಕೊಳ್ಳುವುದು ಇಲ್ಲೇ: ಡಿಕ್ಕಿಯ ಸಂಭವ ಎಷ್ಟೋ ಸಲ ಮೊದಲು ಏರಿ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. 10,000ಕ್ಕೆ ಒಂದನ್ನು ದಾಟಿದರೆ ಸಾಮಾನ್ಯವಾಗಿ ಉಪಗ್ರಹವನ್ನು ಸರಿಸುವ ಮಾತು ಶುರುವಾಗುತ್ತದೆ. ಸರಿಸಿದರೆ ಇಂಧನ ಖರ್ಚು, ಉಪಗ್ರಹದ ಆಯುಷ್ಯಕ್ಕೇ ಕತ್ತರಿ. ‘ತಡೆಯಿರಿ, ಮುಂದಿನ ಅಳತೆ ಬರಲಿ’ ಎನ್ನುವುದಕ್ಕೆ ಬೇಕಾದ ಎದೆಗಾರಿಕೆ ದೊಡ್ಡದು. ಆ ಎದೆಗಾರಿಕೆ ಇರುವವರನ್ನು ನಾನು ತುಂಬ ಗೌರವಿಸುತ್ತೇನೆ.

ಅಂಥ ರಾತ್ರಿ ಕಳೆದು ಮನೆಗೆ ಬಂದರೆ ಅದರ ಬಗ್ಗೆ ಒಂದು ಮಾತನ್ನೂ ಆಡುವಂತಿಲ್ಲ. ಕಸದ ಜಾಡು ಹಿಡಿಯುವ ಪಟ್ಟಿಯೇ ಯಾರ ಉಪಗ್ರಹ ಯಾರದರ ಹತ್ತಿರ ಸರಿಯಿತು ಎಂಬುದನ್ನೂ ಹೇಳುತ್ತದೆ, ಗೋಪ್ಯತೆ ಅದಕ್ಕೇ. ಸಹೋದ್ಯೋಗಿಗಳೇ ಸ್ನೇಹಿತರೂ ಆಗಿಬಿಟ್ಟರೆ, ಕಚೇರಿಯ ಹೊರಗೆ ಕೂತಾಗಲೂ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಕೆಲಸದ ಸುದ್ದಿಯೇ ಬೇಡದ ಬಳಗ ಬೇಕು. ಪುಣೆಯಲ್ಲಿ ಕನ್ನಡಿಗರಿಗೆ ಅದು ಧಾರಾಳವಾಗಿ ಸಿಗುತ್ತದೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘವಿದೆ, ಅದು ನಡೆಸುವ ಡಾ. ಕಲ್ಮಾಡಿ ಶಾಮರಾವ್ ಶಾಲೆಯಿದೆ. ಚಳಿಗಾಲದಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ತಪ್ಪದೆ ಹೋಗಿ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗಿನ ನೆಲದ ಭೀಮಸೇನ ಜೋಶಿಯವರು ಕಟ್ಟಿ ಬೆಳೆಸಿದ್ದು, ಧಾರವಾಡದವರಿಗೆ ಅಲ್ಲಿ ಪರಕೀಯತೆ ಕಾಡುವುದಿಲ್ಲ. ಮರಾಠಿಯನ್ನು ಮಾತ್ರ ಬಂದ ದಿನದಿಂದಲೇ ಕಲಿಯಿರಿ. ಹಿಂದಿಯಲ್ಲಿ ದಿನ ದೂಡಬಹುದು, ಆದರೆ ನೆರೆಹೊರೆಯವರ ಮನೆಯೊಳಗೆ ಕರೆದೊಯ್ಯುವುದು ಮರಾಠಿಯೇ.

ಬೆಂಗಳೂರು ಬಿಟ್ಟು ಪುಣೆ ಏಕೆ ಎಂದೂ ಕೇಳಿದ್ದೀರಿ. ನಿಜ, ಉಪಗ್ರಹಗಳ ಜಾಡು ಹಿಡಿದು ನಿಯಂತ್ರಿಸುವ ಇಸ್ರೋದ ಇಸ್ಟ್ರ್ಯಾಕ್ ಅಲ್ಲಿದೆ, ಈ ಕೆಲಸಕ್ಕೆಂದೇ 2022ರಲ್ಲಿ ತೆರೆದ ಕೇಂದ್ರವೂ ಅಲ್ಲಿದೆ. ಆದರೆ ಇದಕ್ಕೆ ಬೇಕಾಗುವ, ಕ್ಷೀಣ ಸಂಕೇತವನ್ನು ಗದ್ದಲದಿಂದ ಹೆಕ್ಕುವ ವಿದ್ಯೆಗೆ ಪುಣೆಯ ನೆರೆಹೊರೆ ಗಟ್ಟಿ: ಖೋಡದ್‌ನಲ್ಲಿ 45 ಮೀಟರ್ ವ್ಯಾಸದ 30 ಆ್ಯಂಟೆನಾಗಳ ರೇಡಿಯೋ ದೂರದರ್ಶಕ, ಗಣೇಶಖಿಂಡ್‌ನಲ್ಲಿ ಖಗೋಳವಿಜ್ಞಾನ ಕೇಂದ್ರ ಅಯುಕಾ, ಪಾಷಾಣ್ ಮತ್ತು ದಿಘಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳು. ಕಲಿಯುವ ಹಸಿವಿದ್ದವರಿಗೆ ಇದು ಸಣ್ಣ ಸಂಪತ್ತಲ್ಲ.

ಒಪ್ಪಿಗೆ ಬರೆಯುವ ಮುನ್ನ ಕಂಪನಿಗೆ ಸ್ವಂತ ರಾಡಾರ್ ಅಥವಾ ದೂರದರ್ಶಕ ಇದೆಯೇ, ಇಲ್ಲವೇ ಬೇರೆಯವರ ದತ್ತಾಂಶ ಕೊಂಡು ಲೆಕ್ಕ ಹಾಕುತ್ತದೆಯೇ ಎಂದು ನೇರವಾಗಿ ಕೇಳಿ. ಸ್ವಂತ ಉಪಕರಣವಿದ್ದಲ್ಲಿ ಕಲಿಕೆ ಹೆಚ್ಚು. ದೂರದರ್ಶಕವಾದರೆ ಕೆಳಕಕ್ಷೆಯ ವಸ್ತುಗಳಿಗೆ ಮುಸ್ಸಂಜೆ ಮತ್ತು ನಸುಕಿನ ಪಾಳಿ. ನೆಲ ಕತ್ತಲಾಗಿ ಮೇಲಿನ ವಸ್ತುವಿಗೆ ಬಿಸಿಲು ಬೀಳುವುದು ಆಗಲೇ. ಮಳೆಗಾಲದಲ್ಲಿ ಮೋಡ ಆ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ರಾಡಾರ್ ಮಾತ್ರ ನಡೆಯುತ್ತದೆ.

ಮನೆಯನ್ನು ಕೋಥ್ರೂಡ್ ಅಥವಾ ಕರ್ವೆನಗರದಲ್ಲಿ ನೋಡಿ, ಸಂಘಕ್ಕೆ ಹತ್ತಿರ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ನೋಂದಣಿ ಮಾಡಿಸದೆ ಮುಂಗಡ ಕೊಡಬೇಡಿ. 2024ರಿಂದ ಓಡುತ್ತಿರುವ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಧಾರವಾಡದಲ್ಲೂ ನಿಲ್ಲುತ್ತದೆ, ಆದರೆ ಪ್ರತಿದಿನ ಇಲ್ಲ. ಹೊರಡುವ ದಿನ ಗೊತ್ತಾದರೆ ತಿಳಿಸಿ, ಮನೆ ನೋಡಲು ನಾನೂ ಬರುತ್ತೇನೆ.