ಮೇ ತಿಂಗಳ ಬಿಸಿಲು ನೋಡಿ ಸಸಿ ಹೊರಗೆ ನೆಡಬಹುದೇ?

ಇಂಗ್ಲೆಂಡಿನ ಲೆಸ್ಟರ್‌ನ ಅಲಾಟ್‌ಮೆಂಟಿನಲ್ಲಿ (ಬಾಡಿಗೆಯ ಕೈತೋಟದಲ್ಲಿ) ಟೊಮ್ಯಾಟೊ, ಕೋರ್ಜೆಟ್ (ಜುಕಿನಿ), ಬೆಂಡೆ, ಅವರೆ ಸಸಿಗಳನ್ನು ಈಗಲೇ, ಅಂದರೆ ಮೇ ಎರಡನೇ ವಾರದಲ್ಲೇ, ನೆಡಬಹುದೇ ಎಂದು ಕೇಳಿದ್ದೀರಿ. ಬೇಡ, ಇನ್ನೆರಡು ವಾರ ತಡೆಯಿರಿ. ಹಗಲಿನ ಬಿಸಿಲು ಲೆಕ್ಕಕ್ಕಿಲ್ಲ, ನೋಡಬೇಕಾದ್ದು ರಾತ್ರಿಯನ್ನು. ಆ ಭಾಗದಲ್ಲಿ ಮೇ ಕೊನೆಯವರೆಗೂ ಫ್ರಾಸ್ಟ್ (ಹೆಪ್ಪುಗಟ್ಟಿದ ಇಬ್ಬನಿ) ಬೀಳಬಹುದು. ಹವಾಮಾನ ವರದಿ 4 ಡಿಗ್ರಿ ಎಂದರೂ ಅದು ಎದೆಮಟ್ಟದ ಗಾಳಿಯ ಲೆಕ್ಕ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಹತ್ತಿರ ಸೊನ್ನೆಗೆ ಇಳಿದಿರಬಹುದು.

ಈ ಎರಡು ವಾರ ಸಸಿಗಳನ್ನು ಹೊರಗಿನ ಹವೆಗೆ ಪಳಗಿಸಿ. ಮೊದಲ ಮೂರು ದಿನ ಎರಡು ಗಂಟೆ ನೆರಳಿನಲ್ಲಿಟ್ಟು ಒಳಗೆ ತನ್ನಿ. ಆಮೇಲೆ ಬೆಳಗಿನ ಬಿಸಿಲು, ಮುಂದೆ ಇಡೀ ಹಗಲು, ಕೊನೆಯ ಮೂರ್ನಾಲ್ಕು ದಿನ ರಾತ್ರಿಯೂ ಹೊರಗೆ. ಇದನ್ನು ಬಿಟ್ಟರೆ ಎಲೆ ಮೇಲೆ ಕಾಗದದಂಥ ಬಿಳಿ ಮಚ್ಚೆ ಬೀಳುತ್ತದೆ. ಎಷ್ಟೋ ಜನ ರೋಗವೆಂದು ಔಷಧಿ ಹುಡುಕುತ್ತಾರೆ, ಅದು ಬರೀ ಬಿಸಿಲಿನ ಸುಟ್ಟಗಾಯ. ಎಲೆಯ ಹಿಂಭಾಗ ನೇರಳೆಯಾದರೆ ಸಾಮಾನ್ಯವಾಗಿ ಚಳಿಯೇ ಕಾರಣ: ತಣ್ಣನೆ ಮಣ್ಣಿನಿಂದ ಬೇರು ರಂಜಕ ಎಳೆದುಕೊಳ್ಳಲಾರದು. ಗೊಬ್ಬರ ಸುರಿದು ಪ್ರಯೋಜನವಿಲ್ಲ, ಬೆಚ್ಚಗಾದರೆ ತಾನೇ ಸರಿಹೋಗುತ್ತದೆ.

ರಾತ್ರಿ ಸತತವಾಗಿ 10 ಡಿಗ್ರಿ ದಾಟಿದ ಮೇಲೆ ಟೊಮ್ಯಾಟೊ ನೆಡಿ, 50 ಸೆಂ.ಮೀ. ಅಂತರದಲ್ಲಿ. ಕಿಟಕಿ ಬಳಿ ಬೆಳೆದದ್ದು ಸಣಕಲಾಗಿರುತ್ತದೆ. ಕೆಳಗಿನ ಎಲೆ ಚಿವುಟಿ, ಕಾಂಡವನ್ನು ಓರೆಯಾಗಿ ಮಲಗಿಸಿ, ಮೇಲಿನ ಎಲೆಗಳವರೆಗೂ ಮಣ್ಣು ಮುಚ್ಚಿ. ಹೂತ ಕಾಂಡದಿಂದಲೇ ಹೊಸ ಬೇರು ಒಡೆಯುತ್ತದೆ. ಗೂಟವನ್ನು ಮಾತ್ರ ಸಸಿಗಿಂತ ಮೊದಲೇ ಹೊಡೆಯಿರಿ, ಆಮೇಲೆ ಹೊಡೆದರೆ ಬೇರು ಸೀಳುತ್ತದೆ. ಕೋರ್ಜೆಟ್ಟಿಗೆ ಈ ಉಪಾಯ ಬೇಡ, ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ. ಆಳಕ್ಕಿಳಿಸಿದರೆ ಕಾಂಡದ ಬುಡ ಕೊಳೆಯಬಹುದು. ಗಿಡದಿಂದ ಗಿಡಕ್ಕೆ 90 ಸೆಂ.ಮೀ. ಬಿಡಿ. ಒಂದು ಮನೆಗೆ ಎರಡು ಗಿಡ ಧಾರಾಳ, ಮೂರನೆಯದು ನೆಟ್ಟರೆ ಆಗಸ್ಟಿನಲ್ಲಿ ಹಂಚುವುದೇ ಕೆಲಸ.

ನೆಟ್ಟ ಮೊದಲ ವಾರ ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ಕಾಟ. ಸಂಜೆ ನೀರು ಹಾಕಿದರೆ ಒದ್ದೆ ನೆಲದ ಮೇಲೆ ರಾತ್ರಿಯಿಡೀ ಅವುಗಳದೇ ಮೆರವಣಿಗೆ, ಬೆಳಗ್ಗೆ ಹಾಕಿ. ಸ್ಲಗ್ ಕೊಲ್ಲುವ ಮೆಟಾಲ್ಡಿಹೈಡ್ ಹರಳುಗಳು ಬ್ರಿಟನ್ನಿನಲ್ಲಿ 2022ರಿಂದ ನಿಷಿದ್ಧ, ಶೆಡ್ಡಿನಲ್ಲಿ ಹಳೇ ಡಬ್ಬಿ ಸಿಕ್ಕರೂ ಬಳಸಬೇಡಿ. ಫೆರಿಕ್ ಫಾಸ್ಫೇಟಿನವು ಸಿಗುತ್ತವೆ, ಗುಡ್ಡೆ ಹಾಕದೆ ತೆಳುವಾಗಿ ಚೆಲ್ಲಿ. ಫ್ಲೀಸ್ (ಚಳಿಗೆ ಗಿಡಕ್ಕೆ ಹೊದಿಸುವ ತೆಳು ಬಟ್ಟೆ) ಒಂದು ತುಂಡು ಕೈಗೆ ಸಿಗುವಂತಿರಲಿ. ಜೂನ್ ಮೊದಲ ವಾರದಲ್ಲೂ ಒಂದೊಂದು ರಾತ್ರಿ ಕೈಕೊಡುತ್ತದೆ.

ಬೆಂಡೆಯನ್ನು ಬಯಲಲ್ಲಿ ನೆಡಲೇಬೇಡಿ. ರಾತ್ರಿ 15 ಡಿಗ್ರಿಗಿಂತ ಕೆಳಗಿದ್ದರೆ ಅದು ಬೆಳೆಯದೆ ಮುದುಡಿ ಕೂರುತ್ತದೆ. ಗಾಜಿನ ಮನೆಯಲ್ಲಿ ದೊಡ್ಡ ಕುಂಡದಲ್ಲಿಡಿ. ಅವರೆಯದು ಬೇರೆ ತೊಂದರೆ. ನಮ್ಮ ನಾಟಿ ಅವರೆಗೆ ಹೂ ಬಿಡಲು ಹಗಲು ಕುಗ್ಗಬೇಕು. ಅಲ್ಲಿ ಬೇಸಿಗೆಯಿಡೀ ಬಳ್ಳಿ ಹಬ್ಬಿ, ಹೂವಾಗುವ ಹೊತ್ತಿಗೆ ಚಳಿ ಬಂದಿರುತ್ತದೆ. ಅದರ ಬದಲು ಮೇ ಕೊನೆಗೆ ಕೋಲಿಗೆ ಹಬ್ಬುವ ರನ್ನರ್ ಬೀನ್ಸ್ ಬೀಜವನ್ನು ನೇರ ಮಣ್ಣಿಗೇ ಊರಿ, 5 ಸೆಂ.ಮೀ. ಆಳ, 8 ಅಡಿ ಕೋಲಿಗೊಂದರಂತೆ. ಎಳೆಕಾಯಿ ಪಲ್ಯಕ್ಕಾಗುತ್ತದೆ. ಬಲಿತ ಕಾಳನ್ನು ಬಿಡಿಸಿ ಸಾರಿಗೆ ಹಾಕುವುದಾದರೆ ಮೊದಲು ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆ ನೀರು ಚೆಲ್ಲಿ, ಆಮೇಲೆ ಮೆತ್ತಗೆ ಬೇಯಿಸಿ. ಅರೆಬೆಂದ ಕಾಳು ಹೊಟ್ಟೆ ಕೆಡಿಸುತ್ತದೆ.