ಬಾಂದುಕಲ್ಲು ಮತ್ತು ನೀಲಿ ಡ್ರಮ್ಮು

(ಓದುಗರ ಪ್ರಶ್ನೆಗಳಿಗೆ ಸೋಮವಾರಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರ ಉತ್ತರ)

ಹೋದ ತಿಂಗಳು ಈ ಅಂಕಣದಲ್ಲಿ, ದಕ್ಷಿಣ ಲೆಬನಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಒಂದು ವರ್ಷ ಇದ್ದೆ ಎಂದು ಒಂದೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಕಾಗದ ಬರುತ್ತದೆ ಅಂದುಕೊಂಡಿರಲಿಲ್ಲ. ಹೀಗಾಗಿ ಈ ಸಲ ಕಾಳುಮೆಣಸಿನ ಸೊರಗು ರೋಗದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಕೇಳಿದವರು ಬೇಸರ ಮಾಡಿಕೊಳ್ಳಬೇಡಿ.

ವಿಶ್ವಸಂಸ್ಥೆಯ ಸೈನಿಕರು ಗುಂಡು ಹಾರಿಸುವ ಹಾಗಿಲ್ಲ ಅಂತಾರೆ. ಹಾಗಿದ್ದ ಮೇಲೆ ಬಂದೂಕು ಹಿಡಿದು ಅಲ್ಲಿ ಮಾಡುವುದೇನು ಸಾರ್? ಸುಮ್ನೆ ನಿಂತು ಬರುವುದಾ?
– ಪ್ರೌಢಶಾಲೆ ಶಿಕ್ಷಕ, ತೀರ್ಥಹಳ್ಳಿ

ಮೇಷ್ಟ್ರೇ, ನಿಂತು ಬರುವುದೇ ಕೆಲಸ. ಆದರೆ ಎಲ್ಲಿ ನಿಲ್ಲುತ್ತೇವೆ ಎನ್ನುವುದು ಮುಖ್ಯ.

ನಮ್ಮ ಕಡೆ ತೋಟದ ಗಡಿ ತಕರಾರು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸರ್ವೇಯರ್ ಬಂದು ಬಾಂದುಕಲ್ಲು ನೆಡುತ್ತಾನೆ. ಬೇಲಿ ಇರುವುದು ಇನ್ನೊಂದು ಕಡೆ. ಕಲ್ಲಿಗೂ ಬೇಲಿಗೂ ನಡುವೆ ಮೂರು ಸಿಲ್ವರ್ ಮರ. ಆ ಮರ ಯಾರದ್ದು? ಅಲ್ಲಿಂದ ಶುರು.

ಲೆಬನಾನಿನಲ್ಲಿ ಆ ಬಾಂದುಕಲ್ಲಿನ ಹೆಸರು ಬ್ಲೂ ಲೈನ್. 2000ರಲ್ಲಿ ಇಸ್ರೇಲ್ ಸೇನೆ ದಕ್ಷಿಣ ಲೆಬನಾನಿನಿಂದ ಹಿಂದೆ ಸರಿದಾಗ, ನಿಜವಾಗಿಯೂ ಸರಿದಿದೆಯೇ ಎಂದು ಅಳೆಯಲು ವಿಶ್ವಸಂಸ್ಥೆ ಎಳೆದ ಗೆರೆ ಅದು. ಉದ್ದ ಸುಮಾರು 120 ಕಿಲೋಮೀಟರ್. ಅದು ದೇಶದ ಗಡಿಯಲ್ಲ, ಹಿಂದೆ ಸರಿದ ಗೆರೆ ಅಷ್ಟೇ. ಎರಡೂ ಕಡೆಯವರು ಈ ಮಾತನ್ನು ಒತ್ತಿ ಹೇಳುತ್ತಾರೆ. ನೆಲದ ಮೇಲೆ ಅದನ್ನು ಗುರುತಿಸಲು ಕಂಬದ ಮೇಲೆ ನೀಲಿ ಬಣ್ಣದ ಡ್ರಮ್ಮು. ಇಸ್ರೇಲಿನ ತಂತಿಬೇಲಿ ಎಲ್ಲ ಕಡೆ ಆ ಗೆರೆಯ ಮೇಲೇ ಹೋಗುವುದಿಲ್ಲ. ಕೆಲವು ಕಡೆ ಬೇಲಿ ಒಳಗೆ ಉಳಿದು, ಬೇಲಿಗೂ ಗೆರೆಗೂ ನಡುವೆ ಒಂದಿಷ್ಟು ಜಾಗ ಬಿದ್ದಿದೆ.

ನಾನು ಇದ್ದದ್ದು 2008–09ರಲ್ಲಿ. ನಮ್ಮ ಭಾರತೀಯ ಬೆಟಾಲಿಯನ್ ಇದ್ದದ್ದು ಪೂರ್ವದ ಬೆಟ್ಟಗಳ ಕಡೆ, ಹರ್ಮನ್ ಪರ್ವತದ ಬುಡದಲ್ಲಿ. ಅಲ್ಲಿ ಮನುಷ್ಯರಿಗಿಂತ ಜಾಸ್ತಿ ತಲೆನೋವು ಕೊಟ್ಟದ್ದು ಆಡು. ಆಡಿಗೆ ಡ್ರಮ್ಮು ಕಾಣುವುದಿಲ್ಲ, ಹುಲ್ಲು ಕಾಣುತ್ತದೆ. ಒಂದು ಮಧ್ಯಾಹ್ನ ಮೂವತ್ತು ಚಿಲ್ಲರೆ ಆಡು ಗೆರೆ ದಾಟಿದವು. ಹಿಂದೆ ಕೋಲು ಹಿಡಿದ ಮುದುಕ ಓಡಿದ. ಆಚೆ ದೂರದಲ್ಲಿ ಜೀಪಿನ ಧೂಳು. ನಾವು ಮೂರು ಜನ ಹೋಗಿ ಮುದುಕನ ಮುಂದೆ ನಿಂತೆವು. ನನಗೆ ಬರುತ್ತಿದ್ದ ಅರಬ್ಬಿ ನಾಲ್ಕೇ ಮಾತು. ಅದರಲ್ಲಿ 'ಶ್ವಯ್ ಶ್ವಯ್' ಒಂದು, ನಿಧಾನ ನಿಧಾನ ಅಂತ. ಅದನ್ನೇ ಹೇಳುತ್ತಾ ನಿಂತೆ. ವೈರ್‌ಲೆಸ್‌ನಲ್ಲಿ ನಮ್ಮ ಕಂಪನಿಗೆ, ಅಲ್ಲಿಂದ ಬೆಟಾಲಿಯನ್‌ಗೆ, ಅಲ್ಲಿಂದ ಸಮುದ್ರದ ದಡದ ನಾಕೂರಾದಲ್ಲಿರುವ ಹೆಡ್‌ಕ್ವಾರ್ಟರ್ಸ್‌ಗೆ ಸುದ್ದಿ ಹೋಯಿತು. ಅಲ್ಲಿಂದ ಎರಡೂ ಸೇನೆಗಳಿಗೆ ಫೋನು. ಆರು ಗಂಟೆ ಹಿಡಿಯಿತು. ಕತ್ತಲಾಗುವ ಹೊತ್ತಿಗೆ ಆಡು ವಾಪಸ್ ಬಂದವು. ಎರಡು ಕಮ್ಮಿ ಇವೆ ಎಂದು ಮುದುಕ ನನ್ನ ಮೇಲೇ ರೇಗಿದ. ನಾನು ನುಂಗಿದೆ ಅಂದುಕೊಂಡನೋ ಏನೋ.

ಇದನ್ನು ಕೇಳಿ ನಗಬಹುದು. ಇದೇ ಕೆಲಸ ಕೈತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ನಾನು ಊರಿಗೆ ಬಂದ ಮೇಲೆ ಟಿವಿಯಲ್ಲಿ ನೋಡಿದೆ. 2010ರ ಆಗಸ್ಟ್ 3. ಅದೈಸೆ ಎಂಬ ಊರು. ಇಸ್ರೇಲಿ ಸೈನಿಕರು ಬೇಲಿಯಾಚೆಗೆ ಕ್ರೇನ್ ಚಾಚಿ ಒಂದು ಮರ ಕಡಿಯಲು ಹೊರಟರು. ಮರ ನಮ್ಮ ನೆಲದಲ್ಲಿದೆ ಎಂದು ಲೆಬನಾನ್ ಸೇನೆ ಗುಂಡು ಹಾರಿಸಿತು. ಒಬ್ಬ ಇಸ್ರೇಲಿ ಅಧಿಕಾರಿ, ಇಬ್ಬರು ಲೆಬನಾನ್ ಸೈನಿಕರು, ಒಬ್ಬ ಪತ್ರಕರ್ತ, ಒಟ್ಟು ನಾಲ್ಕು ಜೀವ ಹೋಯಿತು. ಆಮೇಲೆ ವಿಶ್ವಸಂಸ್ಥೆಯವರು ಅಳೆದು ನೋಡಿದರು. ಮರ ಇದ್ದದ್ದು ಬ್ಲೂ ಲೈನಿನ ಇಸ್ರೇಲ್ ಕಡೆಗೆ, ಆದರೆ ಬೇಲಿಯಿಂದ ಹೊರಗೆ. ನಾನು ಹೇಳಿದ ಸಿಲ್ವರ್ ಮರದ ಕಥೆಯೇ.

ಇನ್ನು ಗುಂಡಿನ ವಿಷಯ. ನಮ್ಮ ಜೀವಕ್ಕೆ ಬಂದಾಗ, ಒಪ್ಪಿಸಿದ ಕೆಲಸಕ್ಕೆ ಯಾರಾದರೂ ಬಲಪ್ರಯೋಗದಿಂದ ಅಡ್ಡ ಬಂದಾಗ ಹಾರಿಸಬಹುದು. 1961ರ ಡಿಸೆಂಬರ್ 5ರಂದು ಕಾಂಗೋದ ಎಲಿಜಬೆತ್‌ವಿಲ್‌ನಲ್ಲಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಹೋರಾಡಿ ಸತ್ತರು. ಪರಮವೀರ ಚಕ್ರ ಬಂತು. ಅವರ ತಲೆಯ ಮೇಲೂ ಇದ್ದದ್ದು ವಿಶ್ವಸಂಸ್ಥೆಯದೇ ಬಾವುಟ.

ಐದು ದೇಶಗಳಿಗೆ ಮಾತ್ರ ವೀಟೋ ಯಾಕೆ? ಉಳಿದವರು ಸೇರಿ ಅದನ್ನು ತೆಗೆದುಹಾಕಬಾರದಾ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಹದಿನೈದು ದೇಶಗಳಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಲ್ಲಿ ಒಂದು ಬೇಡ ಅಂದರೂ ನಿರ್ಣಯ ಬೀಳುತ್ತದೆ, ಅದೇ ವೀಟೋ. 1945ರಲ್ಲಿ ಯುದ್ಧ ಗೆದ್ದವರು ನಿಯಮ ಬರೆದರು ಮಗಳೇ. ಬರೆಯುವಾಗ ತಮ್ಮ ಕೈಗೆ ಬೀಗದ ಕೈ ಇಟ್ಟುಕೊಂಡರು. ನಿಯಮ ಬದಲಿಸಬೇಕಾದರೆ 193 ಸದಸ್ಯ ದೇಶಗಳಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಅಂದರೆ 129. ಜೊತೆಗೆ ಆ ಐದೂ ದೇಶಗಳು ತಮ್ಮಲ್ಲಿ ಅದನ್ನು ಅನುಮೋದಿಸಬೇಕು. ಬೀಗದ ಕೈ ಬಿಡಿ ಎನ್ನುವ ಕಾಗದಕ್ಕೆ ಬೀಗದ ಕೈ ಇರುವವನೇ ಸಹಿ ಹಾಕಬೇಕು!

ಎರಡು ಉದಾಹರಣೆ ಬರೆದಿಟ್ಟುಕೋ, ಪರೀಕ್ಷೆಗೂ ಆಗುತ್ತದೆ. 2022ರ ಫೆಬ್ರವರಿ 25ರಂದು ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 11 ದೇಶ ಕೈ ಎತ್ತಿದವು. ರಷ್ಯಾ ವೀಟೋ ಹಾಕಿತು. ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆಯೂ ರಷ್ಯಾದ್ದೇ. ಭಾರತ, ಚೀನಾ, ಯುಎಇ ಮತ ಹಾಕಲಿಲ್ಲ. 2025ರ ಸೆಪ್ಟೆಂಬರ್ 18ರಂದು ಗಾಜಾದಲ್ಲಿ ಕದನವಿರಾಮ ಕೇಳಿದ ನಿರ್ಣಯಕ್ಕೆ 14 ದೇಶ ಒಪ್ಪಿದವು. ಅಮೆರಿಕ ಒಂದೇ ವೀಟೋ ಹಾಕಿತು. ಬೈಯುವುದಾದರೆ ಇಬ್ಬರನ್ನೂ ಬೈಯಬೇಕು ಎನ್ನುವವನು ನಾನು.

ನಮ್ಮ ಜನರಲ್ ತಿಮ್ಮಯ್ಯನವರು ಕೊರಿಯಾಕ್ಕೆ ಯುದ್ಧ ಮಾಡಲು ಹೋಗಿದ್ದರು ಎಂದು ನನ್ನ ಮೊಮ್ಮಗ ವಾದ ಮಾಡುತ್ತಾನೆ. ನಾನು ಅಲ್ಲ ಅಂತೀನಿ. ಯಾರು ಸರಿ?
– ಗೃಹಿಣಿ, ಗೋಣಿಕೊಪ್ಪ

ನೀವೇ ಸರಿ ಅಮ್ಮಾ. ಅವರು ಹೋದದ್ದು ಯುದ್ಧ ನಿಂತ ಮೇಲೆ. 1953ರ ಜುಲೈ 27ಕ್ಕೆ ಪನ್ಮುಂಜೊಮ್‌ನಲ್ಲಿ ಕದನವಿರಾಮ ಆಯಿತು. ಆ ಮಾತುಕತೆ ವರ್ಷಗಟ್ಟಲೆ ಎಳೆದದ್ದಕ್ಕೆ ದೊಡ್ಡ ಕಾರಣ ಯುದ್ಧದಲ್ಲಿ ಸೆರೆಸಿಕ್ಕ ಕೈದಿಗಳು. ಚೀನಾ ಮತ್ತು ಉತ್ತರ ಕೊರಿಯಾದ 22 ಸಾವಿರಕ್ಕೂ ಜಾಸ್ತಿ ಕೈದಿಗಳು ನಮ್ಮೂರಿಗೆ ವಾಪಸ್ ಹೋಗೊಲ್ಲ ಅಂದರು. ಆ ಕಡೆ ಸೆರೆಸಿಕ್ಕಿದ್ದ ವಿಶ್ವಸಂಸ್ಥೆ ಕಡೆಯ ಮುನ್ನೂರೈವತ್ತು ಚಿಲ್ಲರೆ ಜನರೂ ಅಲ್ಲೇ ಇರುತ್ತೇವೆ ಅಂದರು. ಒಂದು ಕಡೆಯವರು 'ಹೆದರಿಸಿ ಹೇಳಿಸಿದ್ದೀರಿ' ಅಂದರು, ಇನ್ನೊಂದು ಕಡೆಯವರು 'ಅವರಿಷ್ಟ' ಅಂದರು.

ಆಗ ಯಾರಿಗೂ ಸೇರದ ಒಬ್ಬ ಬೇಕಾಯಿತು. ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಸೇರಿದ ಆಯೋಗ ಆಯಿತು. ಅದಕ್ಕೆ ಅಧ್ಯಕ್ಷ ನಮ್ಮ ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಭಾರತದ ಪಡೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಬಾರದು ಎಂದು ಹಟ ಹಿಡಿದರು. ಹಾಗಾಗಿ ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ನೇರ ನಡುವಿನ ವಲಯಕ್ಕೇ ಇಳಿಸಿದರು. ಕಾಯಲು ಬಂದವನಿಗೆ ಹಾದಿಯೂ ಇಲ್ಲ!

ಕೈದಿಗಳಿಗೆ ಅವರವರ ದೇಶದವರು ಬಂದು ವಿವರಿಸುವುದು, ಆಮೇಲೆ ಕೈದಿ ಒಂದು ಬಾಗಿಲು ಆರಿಸುವುದು. ಹೀಗೆ ಲೆಕ್ಕ. ಅದು ಅರ್ಧಕ್ಕೆ ನಿಂತಿತು. ಹೆಚ್ಚಿನವರು ವಿವರಣೆ ಕೇಳಲೇ ಬರಲಿಲ್ಲ. ಗಡುವು ಮುಗಿಯುತ್ತಿದ್ದಂತೆ 1954ರ ಜನವರಿಯಲ್ಲಿ ತಿಮ್ಮಯ್ಯ ಕೈದಿಗಳನ್ನು ಯಾರು ಒಪ್ಪಿಸಿದ್ದರೋ ಅವರಿಗೇ ಹಿಂದಿರುಗಿಸಿದರು. ಎರಡೂ ಕಡೆಯವರು ಗೊಣಗಿದರು. ನನ್ನ ಲೆಕ್ಕದಲ್ಲಿ ಅದೇ ಅವರು ಸರಿಯಾಗಿ ನಡೆದರು ಎನ್ನುವುದಕ್ಕೆ ಸಾಕ್ಷಿ.

ಎರಡೂ ಕಡೆ ಬೇಡ ಎಂದ 88 ಜನ ಉಳಿದರು. ಅವರನ್ನು ನಮ್ಮ ಪಡೆ ಹಡಗಿನಲ್ಲಿ ಭಾರತಕ್ಕೇ ಕರೆತಂದಿತು. ಆಮೇಲೆ ಹಲವರು ಬ್ರೆಜಿಲ್, ಅರ್ಜೆಂಟೀನಾ ಕಡೆ ಹೋದರು. ಕೆಲವರು ಇಲ್ಲೇ ಉಳಿದರು. ಮೊಮ್ಮಗನನ್ನು ಮಡಿಕೇರಿಯ 'ಸನ್ನಿ ಸೈಡ್'ಗೆ ಕರೆದುಕೊಂಡು ಹೋಗಿ. ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ.

ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯವರು ಅರವತ್ತು ವರ್ಷದಿಂದ ಕೂತಿದ್ದಾರಂತೆ. ಜಗಳ ಇನ್ನೂ ಬಗೆಹರಿದಿಲ್ಲ. ಇದು ದುಡ್ಡು ದಂಡ ಅಲ್ವಾ?
– ಅಕ್ಕಿ ಗಿರಣಿ ಮಾಲೀಕ, ದಾವಣಗೆರೆ

ಯಜಮಾನರೇ, ನಿಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ದ್ವೀಪದ ಗ್ರೀಕ್ ಮಾತಿನವರಿಗೂ ಟರ್ಕಿಶ್ ಮಾತಿನವರಿಗೂ ನಡುವೆ ನಿಲ್ಲಲು 1964ರ ಮಾರ್ಚ್‌ನಲ್ಲಿ ಆ ಪಡೆಗೆ ಕೊಟ್ಟ ಅವಧಿ ಮೂರೇ ತಿಂಗಳು! ಮೊದಲ ಕಮಾಂಡರ್ ಜನರಲ್ ಗ್ಯಾನಿ, ಆಮೇಲೆ ನಮ್ಮ ತಿಮ್ಮಯ್ಯ. ಅವರು 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. 1974ರಲ್ಲಿ ದಂಗೆ ಆಗಿ, ಟರ್ಕಿ ಸೇನೆ ಬಂದಿಳಿದು ದ್ವೀಪ ಎರಡು ಹೋಳಾದಾಗಲೂ ಕಮಾಂಡರ್ ಭಾರತದವರೇ, ಪ್ರೇಮ್ ಚಂದ್.

ಈಗ 180 ಕಿಲೋಮೀಟರ್ ಉದ್ದದ ನಡುವಿನ ಪಟ್ಟಿ ಇದೆ. ಕೆಲವು ಕಡೆ ಏಳು ಕಿಲೋಮೀಟರ್ ಅಗಲ, ರಾಜಧಾನಿ ನಿಕೋಸಿಯಾದ ಪೇಟೆಯೊಳಗೆ ಬರೀ ಓಣಿಯಷ್ಟು. ಹಳೆಯ ವಿಮಾನ ನಿಲ್ದಾಣ ಆ ಪಟ್ಟಿಯೊಳಗೆ ಸಿಕ್ಕಿ, ಒಂದು ವಿಮಾನ ಅಲ್ಲೇ ತುಕ್ಕು ಹಿಡಿಯುತ್ತಾ ನಿಂತಿದೆ. 2004ರಲ್ಲಿ ಒಂದಾಗುವ ಯೋಜನೆಗೆ ಜನಮತ ಕೇಳಿದರು. ಟರ್ಕಿಶ್ ಮಾತಿನವರು ಶೇ. 65 ಹೂಂ ಅಂದರು, ಗ್ರೀಕ್ ಮಾತಿನವರು ಶೇ. 76 ಉಹೂಂ ಅಂದರು. ಬಗೆಹರಿದಿಲ್ಲ ಎನ್ನುವುದು ನಿಜ.

ಆದರೆ ನನಗೆ ಇಷ್ಟದ ಒಂದು ಸಂಗತಿ ಇದೆ. ಅದು ಚರಂಡಿ. ನಿಕೋಸಿಯಾ ಊರು ಎರಡಾಯಿತು, ನೆಲದಡಿಯ ಒಳಚರಂಡಿಯನ್ನು ಹೇಗೆ ಹೋಳು ಮಾಡುವುದು? 1978ರಲ್ಲಿ ಎರಡೂ ಕಡೆಯ ಮೇಯರ್‌ಗಳು, ಲೆಲೊಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಕೂತು ಮಾತಾಡಿ ಒಂದೇ ಒಳಚರಂಡಿ ವ್ಯವಸ್ಥೆಗೆ ಒಪ್ಪಿದರು. ಎರಡೂ ಕಡೆಯ ಕೊಳಚೆ ನೀರು ಉತ್ತರದ ಒಂದೇ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ದೊಡ್ಡವರು ಬಾವುಟದ ಮಾತಾಡುತ್ತಿದ್ದಾಗ ಇವರು ಕಕ್ಕಸಿನ ನೀರಿನ ಮಾತಾಡಿದರು. ನಡುವೆ ಗುಂಡು ಹಾರುತ್ತಿದ್ದರೆ ಆ ಮಾತು ಆಗುತ್ತಿತ್ತಾ? ದಂಡವೋ ಅಲ್ಲವೋ, ನೀವೇ ಲೆಕ್ಕ ಹಾಕಿ.

ಅಲ್ಲಿ ಊಟಕ್ಕೆ ಏನು ಸಿಗುತ್ತಿತ್ತು?
– ಹೋಟೆಲ್ ಕೆಲಸಗಾರ, ಕುಂದಾಪುರ

ನಮ್ಮದೇ ಲಂಗರು (ಪಲ್ಟನ್ನಿನ ಅಡುಗೆಮನೆ), ದಾಲ್ ರೋಟಿ. ಊರವರು ಆಲಿವ್ ಕೊಡುತ್ತಿದ್ದರು. ಮೊದಲ ದಿನ ನೇರಳೆ ಹಣ್ಣು ಅಂದುಕೊಂಡು ಬಾಯಿಗೆ ಹಾಕಿಕೊಂಡೆ.

ಈಗ ಸಂಧಾನವೆಲ್ಲ ದೋಹಾ, ಇಸ್ತಾಂಬುಲ್, ಬೀಜಿಂಗ್‌ನಲ್ಲಿ ನಡೆಯುತ್ತಿದೆ. ವಿಶ್ವಸಂಸ್ಥೆಯ ಕಾಲ ಮುಗಿಯಿತಾ?
– ಬ್ಯಾಂಕ್ ನೌಕರ, ಹುಬ್ಬಳ್ಳಿ

ಪಂಚಾಯ್ತಿ ಕಟ್ಟೆ ಬೇರೆ ಊರಿಗೆ ಹೋಗಿದೆ, ಅದು ನಿಜ. 2020ರಲ್ಲಿ ಅಮೆರಿಕ–ತಾಲಿಬಾನ್ ಒಪ್ಪಂದ ದೋಹಾದಲ್ಲಿ. 2023ರ ಮಾರ್ಚ್‌ನಲ್ಲಿ ಸೌದಿ–ಇರಾನ್ ಕೈ ಕುಲುಕಿದ್ದು ಬೀಜಿಂಗ್‌ನಲ್ಲಿ. 2022ರಲ್ಲಿ ಉಕ್ರೇನಿನ ಗೋಧಿ ಕಪ್ಪು ಸಮುದ್ರ ದಾಟಲು ಇಸ್ತಾಂಬುಲ್‌ನಲ್ಲಿ ಒಪ್ಪಂದ ಆಯಿತು. ಅದರಲ್ಲಿ ಟರ್ಕಿ ಜೊತೆ ವಿಶ್ವಸಂಸ್ಥೆಯೂ ಇತ್ತು. ಮರುವರ್ಷ ರಷ್ಯಾ ಹೊರಬಂದಿತು.

ಕಟ್ಟೆ ಎಲ್ಲಾದರೂ ಇರಲಿ, ನನಗೆ ತಕರಾರಿಲ್ಲ. ಫೋಟೊ ತೆಗೆಸಿಕೊಳ್ಳುವವರಿಗೆ ಈಗ ಬರ ಇಲ್ಲ. ಸಹಿ ಆದ ಮರುದಿನ ಬೆಳಿಗ್ಗೆ ಆಡು ಗೆರೆ ದಾಟಿದಾಗ ಯಾರು ಹೋಗಿ ನಿಲ್ಲಬೇಕು? ಎರಡೂ ಕಡೆಯವರು 'ಇವನು ನಮ್ಮವನೂ ಅಲ್ಲ, ಅವರವನೂ ಅಲ್ಲ' ಎಂದು ಒಪ್ಪುವಂಥವನು ಎಲ್ಲಿಂದ ಬರಬೇಕು? ಅಂಥವನನ್ನು ಕಳಿಸುವ ಏರ್ಪಾಟು ಈ ಹೊಸ ಕಟ್ಟೆಗಳಲ್ಲಿ ನನಗೆ ಕಾಣುತ್ತಿಲ್ಲ.

ಲೆಬನಾನ್ ಮಿಷನ್ ಮುಚ್ಚುತ್ತಾರಂತೆ, ನಿಜವಾ ಸಾಬ್? ನಾವು ಬಣ್ಣ ಹೊಡೆದ ಡ್ರಮ್ಮುಗಳ ಗತಿ?
– ಅದೇ ಪಲ್ಟನ್ನಿನ ಹಳೆಯ ಹವಾಲ್ದಾರ, ಪಿರಿಯಾಪಟ್ಟಣ

ನಿಜ ಕಣಪ್ಪಾ. 2025ರ ಆಗಸ್ಟ್ 28ರಂದು ಭದ್ರತಾ ಮಂಡಳಿ ಕೊನೆಯ ವಿಸ್ತರಣೆ ಅಂತಲೇ ಬರೆದು ನಿರ್ಣಯ ಮಾಡಿದೆ. 2026ರ ಡಿಸೆಂಬರ್ 31ಕ್ಕೆ ಕೆಲಸ ನಿಲ್ಲಬೇಕು, ಒಂದು ವರ್ಷದೊಳಗೆ ಜಾಗ ಖಾಲಿ. 1978ರಿಂದ ಇದ್ದ ಮಿಷನ್. 2024ರ ಯುದ್ಧದಲ್ಲಿ ಇಸ್ರೇಲಿ ಗುಂಡು ನಮ್ಮ ಠಾಣೆಗಳಿಗೇ ಬಿದ್ದಾಗಲೂ ಹುಡುಗರು ಜಾಗ ಬಿಟ್ಟಿರಲಿಲ್ಲ. ಆ ನವೆಂಬರ್ 27ರ ಕದನವಿರಾಮವನ್ನು ನೋಡಿಕೊಳ್ಳುವ ಸಮಿತಿಗೆ ಅಧ್ಯಕ್ಷ ಅಮೆರಿಕ. ನಡುವೆ ಕೂತವನು ಒಂದು ಕಡೆಯವನ ಖಾಸಾ ಗೆಳೆಯ.

ಮುಚ್ಚಿದರೆ ಶಾಂತಿ ಬರಲ್ಲ ಅಂತಲ್ಲ, ಬಂದರೆ ಬರಲಿ. ಆದರೆ ನನಗೆ 1967 ನೆನಪಾಗುತ್ತದೆ. ಸಿನಾಯಿ, ಗಾಜಾ ಕಡೆ ಈಜಿಪ್ಟ್–ಇಸ್ರೇಲ್ ನಡುವೆ ಹತ್ತು ವರ್ಷ ನಿಂತಿದ್ದ ವಿಶ್ವಸಂಸ್ಥೆಯ ಪಡೆಗೆ ಮೇ ತಿಂಗಳಲ್ಲಿ ಈಜಿಪ್ಟ್ 'ಹೊರಡಿ' ಅಂದಿತು. ಕಮಾಂಡರ್ ನಮ್ಮ ಇಂದರ್ ಜಿತ್ ರಿಖಿ. ಗಂಟುಮೂಟೆ ಕಟ್ಟಿ ಮುಗಿಯುವ ಮೊದಲೇ, ಜೂನ್ 5ಕ್ಕೆ, ಯುದ್ಧ ಬಂತು. ಗಾಜಾದಲ್ಲಿ ಉಳಿದಿದ್ದ ನಮ್ಮ ಸೈನಿಕರೂ ಸತ್ತರು.

ಡ್ರಮ್ಮು ಅಲ್ಲೇ ಇರುತ್ತವೆ, ಅವಕ್ಕೇನು ಪಿಂಚಣಿಯಾ? ನಿನ್ನ ಅಂಗೈಗೆ ಹತ್ತಿದ ನೀಲಿ ಹದಿನೈದು ದಿನ ಹೋಗಿರಲಿಲ್ಲ, ಮೆಸ್ಸಿನಲ್ಲಿ ಎಲ್ಲರೂ ಗೇಲಿ ಮಾಡಿದ್ದರು. ಅದಿರಲಿ, ನಿನ್ನ ಹೊಗೆಸೊಪ್ಪಿನ ಹೊಲದ ಪೋಡಿ ಕೆಲಸ ಆಯಿತಾ? ಸರ್ವೇಯರ್ ಬರುವ ದಿನ ಫೋನ್ ಮಾಡು. ಬಂದು ನಿಲ್ಲುತ್ತೇನೆ.