ಅಮೆರಿಕದ ಹೈಸ್ಕೂಲುಗಳಲ್ಲಿ ಕ್ಲಬ್‌ಗಳಿವೆ, ಫ್ರೆಟರ್ನಿಟಿ ಯಾಕಿಲ್ಲ?

ಒಂದು ಕಾಲದಲ್ಲಿ ಇದ್ದವು. ಆಮೇಲೆ ಹಲವು ರಾಜ್ಯಗಳು ಕಾನೂನು ತಂದು ಸರ್ಕಾರಿ ಶಾಲೆಗಳಲ್ಲಿ ಅವನ್ನು ನಿಲ್ಲಿಸಿದವು. ಕ್ಯಾಲಿಫೋರ್ನಿಯಾ 1909ರಲ್ಲೇ ನಿಷೇಧಿಸಿತು.

ಫ್ರೆಟರ್ನಿಟಿ ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಹುಡುಗರ ಗುಟ್ಟಿನ ಸಂಘ. ಅದಕ್ಕೆ ಯಾರು ಬೇಕಾದರೂ ಸೇರುವ ಹಾಗಿಲ್ಲ, ಒಳಗಿರುವವರು ಆರಿಸಬೇಕು. ವ್ಯತ್ಯಾಸ ಇರೋದೇ ಇಲ್ಲಿ. ಊರಿಗೆಲ್ಲ ಒಂದೇ ಹೈಸ್ಕೂಲು ಇರುವ ಕಡೆ, ಬೇಡ ಅನ್ನಿಸಿಕೊಂಡ ಹುಡುಗ ಮರುದಿನ ಅದೇ ಬೆಂಚಿನಲ್ಲಿ, ಆರಿಸದವರ ಪಕ್ಕದಲ್ಲೇ ಕೂರಬೇಕು. ಹದಿನೈದರ ವಯಸ್ಸಿಗೆ ಅದು ಸಣ್ಣ ನೋವಲ್ಲ. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಇದು ನ್ಯಾಯವೂ ಅಲ್ಲ, ಅಲ್ವಾ?

ಶಾಲೆಯ ಕ್ಲಬ್‌ಗೆ ಸಾಮಾನ್ಯವಾಗಿ ಆಸಕ್ತಿ ಇದ್ದರೆ ಸಾಕು. ನೋಡಿಕೊಳ್ಳಲು ಒಬ್ಬರು ಶಿಕ್ಷಕರಿರುತ್ತಾರೆ. ಹಳ್ಳಿಗಾಡಿನ ಊರುಗಳಲ್ಲಿ ಜಾಸ್ತಿ ಕಾಣುವುದು ಎಫ್‌ಎಫ್‌ಎ. ಕೃಷಿ ಓದುವ ಮಕ್ಕಳಿಗಾಗಿ 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶುರುವಾದ ಸಂಘ ಅದು. ಅದರ ನೀಲಿ ಕಾರ್ಡುರಾಯ್ ಜಾಕೆಟ್ ನೋಡಬೇಕು. ಬೆನ್ನ ಮೇಲೆ ದೊಡ್ಡ ಲಾಂಛನ, ರಾಜ್ಯದ ಹೆಸರು, ಶಾಖೆಯ ಹೆಸರು. ಎದೆಯ ಮೇಲೆ ಚಿನ್ನದ ಬಣ್ಣದ ದಾರದಲ್ಲಿ ಹೊಲಿದ ಮಗುವಿನ ಹೆಸರು. ಇಲ್ಲಿ ಗುಟ್ಟೇ ಇಲ್ಲ. ಹಂದಿ ಸಾಕುವುದು, ಮಣ್ಣಿನ ಗುಣ ಗುರುತಿಸುವುದು, ಸಭೆಯಲ್ಲಿ ಹೆದರದೆ ಮಾತಾಡುವುದು, ಎಲ್ಲದಕ್ಕೂ ಸ್ಪರ್ಧೆಗಳಿವೆ.

1984ರ ಕೇಂದ್ರ ಕಾನೂನು ಇನ್ನೊಂದು ಬಾಗಿಲು ತೆರೆಯಿತು. ಪಾಠಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್‌ಗೆ ಸರ್ಕಾರಿ ಹೈಸ್ಕೂಲು ಜಾಗ ಕೊಟ್ಟರೆ, ಧರ್ಮ ಅಥವಾ ರಾಜಕೀಯದ ವಿಚಾರ ಮುಂದಿಟ್ಟು ಇನ್ನೊಂದಕ್ಕೆ ಸುಮ್ನೆ ಇಲ್ಲ ಅನ್ನುವ ಹಾಗಿಲ್ಲ.